ಏರು ಎದೆಗೆ, ಇಳಿಜಾರು ಮಂಡಿಗೆ

ದಕ್ಷಿಣ ಬೆಂಗಳೂರಿನ ವಸಂತಪುರದ ವಸಂತ ವಲ್ಲಭರಾಯನ ಗುಡಿ ಇರುವುದು ಗುಡ್ಡದ ಮೇಲೆ. ಅದೇ ಬಡಾವಣೆಯ ಇನ್ನೊಂದು ದಿಬ್ಬದ ಮೇಲೆ 2022ರಲ್ಲಿ ಇಸ್ಕಾನ್‌ನವರ ರಾಜಾಧಿರಾಜ ಗೋವಿಂದ ದೇವಸ್ಥಾನ ಆಯಿತು. ಆ ದಿಬ್ಬವನ್ನು ವೈಕುಂಠ ಬೆಟ್ಟ ಎನ್ನುತ್ತಾರೆ. ಕನಕಪುರ ರಸ್ತೆಯಿಂದ ಒಳಕ್ಕೆ ತಿರುಗಿ ನಡೆದು ಬಂದರೆ ಇಲ್ಲಿನ ಏರುತಗ್ಗು ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ. ಈ ಏರುತಗ್ಗನ್ನೇ ನಮ್ಮ ಪಾಠದ ಕರಿಹಲಗೆ ಮಾಡಿಕೊಳ್ಳೋಣ. ನೀವು ವೈದ್ಯರಾಗಿರಬೇಕಿಲ್ಲ, ಫಿಸಿಯೋಥೆರಪಿ ಓದಿರಬೇಕಿಲ್ಲ. ಮನೆಯಲ್ಲಿ ಅಪ್ಪ ಅಥವಾ ಅಮ್ಮ ಇದ್ದು, ಅವರಿಗೆ ಒಂದಲ್ಲ ಮೂರು ನಾಲ್ಕು ಕಾಯಿಲೆಗಳಿದ್ದು, 'ಇವರನ್ನು ವಾಕಿಂಗ್‌ಗೆ ಕಳಿಸಬಹುದೇ?' ಎಂಬ ಪ್ರಶ್ನೆ ನಿಮ್ಮನ್ನು ಕಾಡಿದ್ದರೆ ಸಾಕು.

ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ವಯಸ್ಸು 64. ಹತ್ತು ವರ್ಷದಿಂದ ಶುಗರ್, ಅದಕ್ಕೂ ಮೊದಲಿನಿಂದ ಬಿಪಿ. ಒಂದು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಎರಡೂ ಮಂಡಿ ಸವೆದಿವೆ. ಮಾತ್ರೆಯ ಡಬ್ಬಿಯಲ್ಲಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಮೆಟೊಪ್ರೊಲಾಲ್, ರಕ್ತ ತೆಳುಮಾಡುವ ಇನ್ನೊಂದು ಮಾತ್ರೆ. ಶುಗರ್ ಡಾಕ್ಟರು 'ನಡೆಯಿರಿ' ಎನ್ನುತ್ತಾರೆ. ಮೂಳೆ ಡಾಕ್ಟರು 'ಮೆಟ್ಟಿಲು ಹತ್ತಬೇಡಿ' ಎನ್ನುತ್ತಾರೆ. ಪಕ್ಕದ ಮನೆಯವರು 'ಹಾರ್ಟಿನವರು ಸುಸ್ತು ಮಾಡಿಕೊಳ್ಳಬಾರದು' ಎನ್ನುತ್ತಾರೆ. ಎಲ್ಲರ ಮಾತೂ ಕೇಳಿ ಆಕೆ ಸೋಫಾದ ಮೇಲೆ ಕುಳಿತಿದ್ದಾರೆ. ಇಂಥ ತಾಯಂದಿರು ದಕ್ಷಿಣ ಬೆಂಗಳೂರಿನ ಬೀದಿಬೀದಿಯಲ್ಲಿದ್ದಾರೆ.

ವರ್ಷಾನುಗಟ್ಟಲೆ ಜೊತೆಯಲ್ಲಿ ಉಳಿಯುವ, ಪೂರ್ತಿ ವಾಸಿಯಾಗದಿದ್ದರೂ ಹತೋಟಿಯಲ್ಲಿಡಬಹುದಾದ ಕಾಯಿಲೆಗೆ ದೀರ್ಘಕಾಲಿಕ ಕಾಯಿಲೆ ಎನ್ನುತ್ತೇವೆ. ಒಬ್ಬರಲ್ಲೇ ಇಂಥವು ಎರಡು ಅಥವಾ ಹೆಚ್ಚು ಸೇರಿಕೊಂಡರೆ ಅದು ಬಹುರೋಗ. ಇದು ಅಪರೂಪದ ಸಂಗತಿಯಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹ, ಶೇ 35.5 ಮಂದಿಗೆ ಅಧಿಕ ರಕ್ತದೊತ್ತಡ. ಇಷ್ಟು ಸಾಮಾನ್ಯವಾದ ಎರಡು ಕಾಯಿಲೆಗಳು ಒಂದೇ ಮೈಯಲ್ಲಿ ಭೇಟಿಯಾಗುವುದರಲ್ಲಿ ಆಶ್ಚರ್ಯವೇನಿದೆ?

ಹೊಸಬರು ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ದಾರಿ ಹಿಡಿಯುತ್ತಾರೆ. ಶುಗರ್‌ಗೆ ಒಂದು ವ್ಯಾಯಾಮ, ಬಿಪಿಗೆ ಇನ್ನೊಂದು, ಹೃದಯಕ್ಕೆ ಮತ್ತೊಂದು, ಮಂಡಿಗೆ ಮಗದೊಂದು ಎಂದು ಹುಡುಕತೊಡಗುತ್ತಾರೆ. ಪಟ್ಟಿ ಬೆಳೆಯುತ್ತದೆ, ಮಾಡುವವರಿಗೆ ಭಯ ಹೆಚ್ಚುತ್ತದೆ. ನಾನು ಪ್ರತಿ ಹೊಸ ತರಗತಿಗೂ ಮೊದಲು ಹೇಳುವುದು ಇದು: ಕಾಯಿಲೆ ನಾಲ್ಕಿದ್ದರೂ ಅವು ಕೇಳುವ ವ್ಯಾಯಾಮ ಹೆಚ್ಚುಕಡಿಮೆ ಒಂದೇ, ಬೇರೆಬೇರೆಯಾಗಿರುವುದು ಅವುಗಳ ಬ್ರೇಕು.

ಮೊದಲ ಅರ್ಧವನ್ನು ನೋಡೋಣ. ನಡೆಯುವಾಗ ತೊಡೆಯ ಸ್ನಾಯುಗಳು ರಕ್ತದಿಂದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ದುಡಿಯುವ ಸ್ನಾಯು ಈ ಕೆಲಸಕ್ಕೆ ಇನ್ಸುಲಿನ್ ದಾರಿಯನ್ನೇ ನೆಚ್ಚಿಕೊಂಡಿರುವುದಿಲ್ಲ, ಅದಕ್ಕೆ ತನ್ನದೇ ಆದ ಇನ್ನೊಂದು ದಾರಿ ತೆರೆಯುತ್ತದೆ. ಅದೇ ನಡಿಗೆಯಲ್ಲಿ ರಕ್ತನಾಳಗಳು ಸಡಿಲಗೊಳ್ಳುತ್ತವೆ. ನಿಂತ ಮೇಲೂ ಕೆಲವು ಗಂಟೆ ಬಿಪಿ ತುಸು ಇಳಿದೇ ಇರುತ್ತದೆ. ವಾರಗಳು ಕಳೆದಂತೆ ಅಷ್ಟೇ ದೂರಕ್ಕೆ ಹೃದಯ ಮೊದಲಿಗಿಂತ ಕಡಿಮೆ ಸಲ ಬಡಿದರೆ ಸಾಕಾಗುತ್ತದೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಮಂಡಿಯ ಮೇಲಿನ ಭಾರವನ್ನು ಅದು ಹಂಚಿಕೊಳ್ಳುತ್ತದೆ. ನಾಲ್ಕು ಕಾಯಿಲೆಗೂ ಮದ್ದು ಒಂದೇ ಹೆಜ್ಜೆಯಲ್ಲಿದೆ. ಆದ್ದರಿಂದ 'ನಡೆಯಬಹುದೇ?' ಎಂದು ಕೇಳುವ ಬದಲು 'ಎಲ್ಲಿ ನಿಲ್ಲಬೇಕು?' ಎಂದು ಕೇಳುವುದನ್ನು ಕಲಿಯಬೇಕು.

ವ್ಯಾಯಾಮವನ್ನು ಮದ್ದಿನಂತೆ ಅಳೆದು ಕೊಡುವುದು ನಮಗೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಪ್ರಮೇಹದವರಿಗೆ, ಅಂದರೆ ಸಿಹಿಮೂತ್ರದಂಥ ಕಾಯಿಲೆ ಇದ್ದವರಿಗೆ, ನೂರು ಯೋಜನ ನಡೆಯಲು, ಬಾವಿ ತೋಡಲು ಹೇಳಲಾಗಿದೆ. ಆದರೆ ಅಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಇನ್ನೊಂದು ಮಾತು: ವ್ಯಾಯಾಮವನ್ನು ಅರ್ಧ ಬಲದಷ್ಟು ಮಾತ್ರ ಮಾಡಬೇಕು. ಅರ್ಧ ಬಲ ಎಂದು ತಿಳಿಯುವುದು ಹೇಗೆ? ಎದೆಯಲ್ಲಿರುವ ಉಸಿರು ಬಾಯಿಗೆ ಬಂದಾಗ, ಅಂದರೆ ಬಾಯಿಯಿಂದ ಉಸಿರಾಡುವಂತಾದಾಗ. ಯಂತ್ರವಿಲ್ಲದ ಕಾಲದಲ್ಲಿ ಮೈಯನ್ನೇ ಮಾಪಕ ಮಾಡಿಕೊಂಡಿದ್ದರು. ಇಂದಿನ ನಮ್ಮ ಅಳತೆಯೂ ಅದರ ಹತ್ತಿರದ್ದೇ.

ವ್ಯಾಯಾಮದ ಚೀಟಿಯಲ್ಲಿ ನಾಲ್ಕು ಉತ್ತರಗಳಿರಬೇಕು: ವಾರಕ್ಕೆ ಎಷ್ಟು ದಿನ, ಎಷ್ಟು ಬಿರುಸಾಗಿ, ಎಷ್ಟು ಹೊತ್ತು, ಯಾವ ಬಗೆಯದು. ಹೊಸಬರು ಎಡವುವುದು ಎರಡನೆಯದರಲ್ಲಿ, ಹಾಗಾಗಿ ಅಲ್ಲಿ ಸ್ವಲ್ಪ ನಿಲ್ಲೋಣ.

220ರಿಂದ ವಯಸ್ಸನ್ನು ಕಳೆದರೆ ಹೃದಯದ ಗರಿಷ್ಠ ಬಡಿತ ಸಿಗುತ್ತದೆ, ಅದರಲ್ಲಿ ಇಂತಿಷ್ಟು ಭಾಗ ಮುಟ್ಟಬೇಕು ಎಂಬ ಲೆಕ್ಕವನ್ನು ನೀವು ಕೇಳಿರಬಹುದು. ನಮ್ಮ ತಾಯಿಗೆ ಆ ಲೆಕ್ಕದಲ್ಲಿ 156 ಬರುತ್ತದೆ. ಆದರೆ ಅವರು ತೆಗೆದುಕೊಳ್ಳುವ ಮೆಟೊಪ್ರೊಲಾಲ್ 'ಬೀಟಾ ಬ್ಲಾಕರ್' ಎಂಬ ಗುಂಪಿನ ಮಾತ್ರೆ. ಹೃದಯ ವೇಗವಾಗಿ ಬಡಿಯದಂತೆ ತಡೆಯುವುದೇ ಅದರ ಕೆಲಸ. ಆಕೆ ಏದುಸಿರು ಬಿಡುತ್ತಿದ್ದರೂ ಕೈಗಡಿಯಾರ ಕಡಿಮೆ ಸಂಖ್ಯೆಯನ್ನೇ ತೋರಿಸೀತು. ಆ ಸಂಖ್ಯೆಯನ್ನು ನಂಬಿ 'ಇನ್ನೂ ಜೋರಾಗಿ ನಡಿಯಮ್ಮಾ' ಎಂದು ಹುರಿದುಂಬಿಸುವ ಮಕ್ಕಳ ಪ್ರೀತಿಯೇ ಅಲ್ಲಿ ಅಪಾಯವಾಗುತ್ತದೆ. ಆದ್ದರಿಂದ ಗಡಿಯಾರ ಬಿಡಿ, ಮಾತಾಡಿಸಿ. ನಡೆಯುತ್ತಲೇ ಒಂದು ಪೂರ್ತಿ ವಾಕ್ಯ ಹೇಳಲು ಸಾಧ್ಯವಾಗಿ, ಹಾಡು ಹೇಳಲು ಮಾತ್ರ ಉಸಿರು ಸಾಲದಿದ್ದರೆ ಅದು ಮಧ್ಯಮ ಬಿರುಸು. ನಮಗೆ ಬೇಕಾದದ್ದು ಅದೇ. ದೇವರನಾಮವನ್ನು ಸಲೀಸಾಗಿ ಹಾಡಿಕೊಂಡು ನಡೆಯುವಂತಿದ್ದರೆ ನಡಿಗೆ ಸೌಮ್ಯ. ಎರಡು ಪದಕ್ಕೊಮ್ಮೆ ಉಸಿರೆಳೆದುಕೊಳ್ಳಬೇಕಾದರೆ ಅತಿಯಾಯಿತು, ನಿಧಾನಿಸಬೇಕು.

ಅದೇ ಮಾತ್ರೆ ಇನ್ನೊಂದು ಸಂಗತಿಯನ್ನೂ ಮುಚ್ಚಿಡುತ್ತದೆ. ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಬಿದ್ದರೆ ಅದನ್ನು 'ಲೋ ಶುಗರ್' ಎನ್ನುತ್ತೇವೆ. ಆಗ ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ, ಬೆವರು ಕಿತ್ತುಬರುತ್ತದೆ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ನಡುಕ, ಡವಡವ ಎರಡೂ ಮಂಕಾಗಬಹುದು. ಬೆವರು ಮಾತ್ರ ಉಳಿದಿರುತ್ತದೆ. ತಂಪು ಹೊತ್ತಿನಲ್ಲಿ ನಿಧಾನವಾಗಿ ನಡೆಯುತ್ತಿದ್ದವರ ಹಣೆ, ಕತ್ತು ಇದ್ದಕ್ಕಿದ್ದಂತೆ ತೊಯ್ದರೆ ನಿಲ್ಲಿಸಿ, ಕೂರಿಸಿ, ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಒಂದು ಕಾಯಿಲೆಯ ಮದ್ದು ಇನ್ನೊಂದು ಕಾಯಿಲೆಯ ಎಚ್ಚರಿಕೆ ಗಂಟೆಯನ್ನು ಮೆತ್ತಗೆ ಮಾಡುತ್ತದೆ. ಬಹುರೋಗದವರ ವಿಷಯದಲ್ಲಿ ಮಾತ್ರೆಯ ಡಬ್ಬಿಯನ್ನು ಮೊದಲು ತೆರೆದು ನೋಡಿ ಎಂದು ನಾನು ಹೇಳುವುದು ಇದಕ್ಕೇ.

ಸಕ್ಕರೆ ಹೀಗೆ ಬೀಳುವುದು ಎಲ್ಲರಿಗೂ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಅಪರೂಪ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಮಾತ್ರೆಯವರು ಜಾಗ್ರತೆ ವಹಿಸಬೇಕು. ಅವರು ಹೊರಡುವ ಮುಂಚೆ ಶುಗರ್ 90ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣನ್ನೋ ಎರಡು ಬಿಸ್ಕತ್ತನ್ನೋ ತಿಂದು ಹೋಗಬೇಕು. 70ಕ್ಕಿಂತ ಕಡಿಮೆ ಇದ್ದರೆ ಮೊದಲು ಸಕ್ಕರೆ ನೀರು, ನಡಿಗೆ ಆಮೇಲಿನ ಮಾತು. 300 ದಾಟಿದ್ದರೆ, ಅಥವಾ 250 ದಾಟಿ ವಾಂತಿ, ಸುಸ್ತು ಇದ್ದರೆ ಅಂದು ನಡಿಗೆ ಬೇಡ, ಡಾಕ್ಟರಿಗೆ ತಿಳಿಸಿ. ನಮ್ಮಲ್ಲಿ ಬೆಳಿಗ್ಗೆ ಐದೂವರೆಗೆ ಒಂದು ಲೋಟ ಕಾಫಿ ಕುಡಿದು ಖಾಲಿ ಹೊಟ್ಟೆಯಲ್ಲಿ ಪಾರ್ಕಿಗೆ ಹೋಗುವ ರೂಢಿ ಇದೆ. ಶನಿವಾರದ ಒಪ್ಪತ್ತು, ಏಕಾದಶಿಯ ಉಪವಾಸ ಇದೆ. ಈ ಮಾತ್ರೆಗಳ ಮೇಲಿರುವವರು ಉಪವಾಸದ ದಿನ ಮಾತ್ರೆಯನ್ನೂ ನಡಿಗೆಯನ್ನೂ ಹೇಗೆ ಹೊಂದಿಸಿಕೊಳ್ಳಬೇಕೆಂದು ವೈದ್ಯರನ್ನು ಮೊದಲೇ ಕೇಳಿರಬೇಕು.

ಬ್ರೇಕುಗಳು ಒಂದಕ್ಕೊಂದು ತಾಕಲಾಡುವ ಜಾಗವನ್ನು ಈಗ ನೋಡೋಣ. 2016ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಒಂದು ಪುಟ್ಟ, ಸೊಗಸಾದ ಪ್ರಯೋಗ ಪ್ರಕಟಿಸಿದರು. ಮಧುಮೇಹ ಇರುವ 41 ಮಂದಿಗೆ ಕೆಲವು ದಿನ ಯಾವಾಗಲಾದರೂ ಒಮ್ಮೆ ಅರ್ಧ ಗಂಟೆ ನಡೆಯಲು ಹೇಳಿದರು. ಇನ್ನು ಕೆಲವು ದಿನ ಮೂರು ಊಟದ ನಂತರವೂ ಹತ್ತು ಹತ್ತು ನಿಮಿಷ. ಒಟ್ಟು ನಡಿಗೆ ಒಂದೇ. ಆದರೆ ಊಟದ ನಂತರ ಏರುವ ಸಕ್ಕರೆ ಎರಡನೆಯ ಬಗೆಯಲ್ಲಿ ಸರಾಸರಿ ಶೇ 12ರಷ್ಟು ಕಡಿಮೆಯಿತ್ತು, ರಾತ್ರಿ ಊಟದ ನಂತರವಂತೂ ಶೇ 22ರಷ್ಟು. ಮುದ್ದೆ ಅನ್ನ ಉಂಡು ಟಿವಿ ಮುಂದೆ ಕೂರುವ ನಮ್ಮಂಥವರಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ.

ಶುಗರ್ ಹೀಗೆ 'ಉಂಡು ನಡಿ' ಎಂದರೆ, ಹೃದಯ ಬೇರೆ ಹೇಳುತ್ತದೆ. ಹೊಟ್ಟೆ ತುಂಬ ಉಂಡಾಗ ಜೀರ್ಣಕ್ಕೆಂದು ಕರುಳಿನ ಕಡೆ ಹೆಚ್ಚು ರಕ್ತ ಹರಿಯುತ್ತದೆ, ಹೃದಯಕ್ಕೆ ಆಗಲೇ ಕೆಲಸ ಜಾಸ್ತಿಯಾಗಿರುತ್ತದೆ. ಶ್ರಮಪಟ್ಟಾಗ ಎದೆ ಬಿಗಿಯುವ ಆಂಜೈನಾ ಇದ್ದವರು ಅದರ ಮೇಲೆ ಬಿರುಸಾಗಿ ನಡೆದರೆ ನೋವು ಕಾಣಿಸಿಕೊಳ್ಳಬಹುದು. ಯಾರ ಮಾತು ಕೇಳಬೇಕು? ಲಾಭ ಹೇಳುವ ಕಾಯಿಲೆಯ ಮಾತಿಗಿಂತ ಬ್ರೇಕು ಹೇಳುವ ಕಾಯಿಲೆಯ ಮಾತು ಮೇಲು. ಆಂಜೈನಾ ಇದ್ದವರು ದೊಡ್ಡ ಊಟವಾದ ಮೇಲೆ ಒಂದೆರಡು ಗಂಟೆ ಬಿಡಬೇಕು. ನಮ್ಮ ತಾಯಿಗೆ ಸ್ಟೆಂಟ್ ಆದ ಮೇಲೆ ಎದೆನೋವು ಮರುಕಳಿಸಿಲ್ಲ, ಟ್ರೆಡ್‌ಮಿಲ್ ಪರೀಕ್ಷೆ ನೋಡಿ ಹೃದಯ ವೈದ್ಯರು ನಡೆಯಬಹುದೆಂದಿದ್ದಾರೆ. ಹಾಗಾಗಿ ಶುಗರ್, ಹೃದಯ ಎರಡಕ್ಕೂ ಒಪ್ಪಿಗೆಯಾಗುವಂತೆ ರಾತ್ರಿಯೂಟ ಹಗುರ ಮಾಡಿ, ಮನೆ ಮುಂದಿನ ಸಮತಟ್ಟು ಬೀದಿಯಲ್ಲಿ ನಿಧಾನವಾಗಿ ನಡೆಯಬಹುದು.

ಸಮತಟ್ಟು ಎಂದೆ. ಈಗ ನಮ್ಮ ಗುಡ್ಡಕ್ಕೆ ಹಿಂತಿರುಗೋಣ. ಏರು ಹತ್ತುವಾಗ ಮೈಯ ಪೂರ್ತಿ ತೂಕವನ್ನು ಮೇಲಕ್ಕೆತ್ತಬೇಕು. ಆ ಖರ್ಚು ಹೃದಯ ಮತ್ತು ಶ್ವಾಸಕೋಶದ್ದು. ಇಳಿಯುವಾಗ ಉಸಿರು ಹಗುರ, ಆದರೆ ಪ್ರತಿ ಹೆಜ್ಜೆಯಲ್ಲೂ ಬೀಳುವ ತೂಕವನ್ನು ತೊಡೆಯ ಸ್ನಾಯು ತಡೆಹಿಡಿಯಬೇಕು. ಆ ಖರ್ಚು ಮಂಡಿಯದು. ಅದಕ್ಕೇ ಹೃದಯ ಬಲಹೀನರು ಹತ್ತುವಾಗ ನಿಲ್ಲುತ್ತಾರೆ, ಮಂಡಿನೋವಿನವರು ಇಳಿಯುವಾಗ ಕಂಬಿ ಹಿಡಿಯುತ್ತಾರೆ. ಎರಡೂ ಇದ್ದವರಿಗೆ ಗುಡ್ಡ ಕಡೆಯ ಪಾಠವಾಗಬೇಕು. ಮೊದಲು ಹೊತ್ತನ್ನು ಹೆಚ್ಚಿಸಿ, ಆಮೇಲೆ ವೇಗವನ್ನು, ಎಲ್ಲಕ್ಕಿಂತ ಕೊನೆಗೆ ಏರನ್ನು. ಈ ಕ್ರಮವನ್ನು ದಯವಿಟ್ಟು ಬದಲಿಸಬೇಡಿ.

ಗುಡಿಯ ಬಳಿ ಇನ್ನೊಂದು ಮಾತು ಹೇಳಲೇಬೇಕು. ಹಲವು ವರ್ಷ ಶುಗರ್ ಇದ್ದವರ ಪಾದದ ನರಗಳು ಮಂಕಾಗಿ ಬಿಸಿ, ಚುಚ್ಚು, ನೋವು ತಿಳಿಯದೆ ಹೋಗಬಹುದು. ಚಪ್ಪಲಿ ಹೊರಗೆ ಬಿಟ್ಟು, ಮಧ್ಯಾಹ್ನ ಕಾದ ಕಲ್ಲುಚಪ್ಪಡಿಯ ಮೇಲೆ ಪ್ರದಕ್ಷಿಣೆ ಹಾಕಿದರೆ ನಿಮ್ಮ ಕಾಲು ತಾನಾಗಿ ನೆರಳಿಗೆ ಜಿಗಿಯುತ್ತದೆ. ಅವರ ಕಾಲು ಜಿಗಿಯುವುದಿಲ್ಲ. ಸಂಜೆ ಅಂಗಾಲಲ್ಲಿ ಬೊಬ್ಬೆ ಕಂಡಾಗಲೇ ಗೊತ್ತಾಗುವುದು. ದರ್ಶನ ಬೆಳಗಿನ ಹೊತ್ತೇ ಆಗಲಿ. ನಡಿಗೆಗೆ ಹತ್ತಿ ಕಾಲುಚೀಲ, ಬೆರಳಿಗೆ ಒತ್ತದ ಶೂ ಇರಲಿ. ಹಾಕಿಕೊಳ್ಳುವ ಮುನ್ನ ಶೂ ಒಳಗೆ ಕೈಯಾಡಿಸಿ ಕಲ್ಲುಹರಳು ಇದೆಯೇ ನೋಡಿ. ಮನೆಗೆ ಬಂದ ಮೇಲೆ ಕಾಲು ತೊಳೆದು, ಬೆರಳ ಸಂದಿ ಒರೆಸಿ, ನೆಲದ ಮೇಲೆ ಒಂದು ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಬೇಕು. ಬಗ್ಗಲಾಗದವರಿಗೆ ನೀವು ನೋಡಿ. ಎರಡು ನಿಮಿಷದ ಈ ಕೆಲಸ ನಡಿಗೆಯ ಭಾಗವೇ.

ಮಂಡಿಯ ನೋವನ್ನು ಹೇಗೆ ಅಳೆಯುವುದು? ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲು ಕೇಳಿ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ್ದು. ನಡೆಯುವಾಗ ಐದರವರೆಗಿನ ನೋವು, ಮರುದಿನ ಅದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ, ಹಾನಿಯಲ್ಲ. ಇಳಿಯದಿದ್ದರೆ ನಿನ್ನೆಯ ಅಳತೆ ಹೆಚ್ಚಾಗಿತ್ತು ಎಂದರ್ಥ. ನಡಿಗೆ ಬಿಡುವುದು ಬೇಡ, ಕಡಿಮೆ ಮಾಡಿ. ನೋವಿದ್ದರೂ ಸ್ವಲ್ಪ ನಡೆಯಬಹುದು ಎಂಬ ಮಾತು ಎಷ್ಟೋ ಹಿರಿಯರಿಗೆ ಹೊಸದು. ಸವೆದ ಮಂಡಿಗೆ ವಿಶ್ರಾಂತಿಯೇ ಮದ್ದೆಂದು ನಂಬಿ ಕುಳಿತವರ ತೊಡೆಗಳು ಸೊರಗಿ, ಮಂಡಿಗೆ ಇದ್ದ ಆಸರೆಯೂ ಹೋಗುತ್ತದೆ.

ಆ ಆಸರೆಯನ್ನು ಮರಳಿ ಕಟ್ಟಲು ನನಗೆ ತುಂಬ ಇಷ್ಟವಾದ ಸಾಧನ ಊಟದ ಮೇಜಿನ ಕುರ್ಚಿ. ಹಗುರ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ. ಅದರ ತುದಿಗೆ ಬಂದು ಕೂರಿಸಿ. ಪಾದಗಳು ಸೊಂಟದಷ್ಟು ಅಗಲಕ್ಕೆ, ಮಂಡಿಗಿಂತ ತುಸು ಹಿಂದಕ್ಕೆ. ಎದೆಯನ್ನು ಮುಂದಕ್ಕೆ ಬಾಗಿಸಿ, ಉಸಿರು ಹೊರಬಿಡುತ್ತಾ ಏಳಬೇಕು. ಉಸಿರು ಒಳಗೆಳೆಯುತ್ತಾ, ಧೊಪ್ಪನೆ ಬೀಳದೆ, ನಿಧಾನವಾಗಿ ಕೂರಬೇಕು. ಕಷ್ಟವಾದರೆ ಒಂದು ಗಟ್ಟಿ ದಿಂಬು ಹಾಕಿ ಕುರ್ಚಿ ಎತ್ತರಿಸಿ, ಕೈ ಊರಲು ಬಿಡಿ. ಉಸಿರು ಬಿಗಿಹಿಡಿದು ಏಳಲು ಮಾತ್ರ ಬಿಡಬೇಡಿ. ಹಾಗೆ ಮುಕ್ಕಿದಾಗ ಬಿಪಿ ಕ್ಷಣದಲ್ಲಿ ಮೇಲೇರುತ್ತದೆ. ಶುಗರ್‌ನಿಂದ ಕಣ್ಣಿನ ಹಿಂಪರದೆಯಲ್ಲಿ ಬಲವಿಲ್ಲದ ಹೊಸ ರಕ್ತನಾಳ ಬೆಳೆದಿದ್ದರೆ ಅವು ಒಡೆಯಬಹುದು. ಇದೇ ಕುರ್ಚಿ ಪರೀಕ್ಷೆಯೂ ಹೌದು: ಕೈ ಊರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ನಿಲ್ಲುತ್ತಾರೆಂದು ಎಣಿಸಿ. ಅಮೆರಿಕದ ಮಾಪನದಲ್ಲಿ 60ರಿಂದ 64 ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ. ನಮ್ಮ ತಾಯಿ ಮೊದಲ ದಿನ ಆರು ಸಲ ಎದ್ದರೂ ಚಿಂತೆಯಿಲ್ಲ. ಆ ಆರನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ.

ಭಯದ ಬಗ್ಗೆಯೂ ಹೇಳಬೇಕು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ, ವ್ಯಾಯಾಮದ ನಂತರ ಹೃದಯಾಘಾತವಾಗಿ ತೀರಿಕೊಂಡಾಗ ಇಡೀ ಕರ್ನಾಟಕ ನಲುಗಿತು. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗೆಂದು ಬರುವವರ ಸಂಖ್ಯೆ ಏಕಾಏಕಿ ಏರಿತು. ವ್ಯಾಯಾಮದ ಹೆಸರೆತ್ತಿದರೇ ಎಷ್ಟೋ ಮನೆಗಳಲ್ಲಿ ಹೆದರಿಕೆ ಹುಟ್ಟಿತು. ಆ ಹೆದರಿಕೆಯನ್ನು ನಾನು ಗೌರವಿಸುತ್ತೇನೆ. ಅದು ಪ್ರೀತಿಯಿಂದ ಬಂದದ್ದು. ಅದಕ್ಕೆ ಉತ್ತರ ಮೊದಲು ತಪಾಸಣೆ, ಆಮೇಲೆ ಮೆಲ್ಲಗೆ ಆರಂಭ. ಹೃದಯದ ಕಾಯಿಲೆ ಇರುವವರು, ಈಚೆಗೆ ಸ್ಟೆಂಟ್ ಅಥವಾ ಆಪರೇಷನ್ ಆದವರು, ಶ್ರಮಪಟ್ಟರೆ ಎದೆ ಬಿಗಿಯುವವರು, ತಲೆಸುತ್ತಿ ಬಿದ್ದವರು ತಮ್ಮ ವೈದ್ಯರು ಒಪ್ಪಿದ ಮೇಲೆಯೇ ಶುರು ಮಾಡಬೇಕು. ಕುಳಿತು ನೋಡಿದ ಬಿಪಿ 180/110 ಅಥವಾ ಮೇಲಿದ್ದರೆ, ಜ್ವರವಿದ್ದರೆ ಆ ದಿನ ರಜೆ. ನಡೆಯುವಾಗ ಎದೆಯಲ್ಲಿ ಭಾರ, ದವಡೆಗೋ ಎಡತೋಳಿಗೋ ಹರಿಯುವ ನೋವು, ಎಂದೂ ಇಲ್ಲದ ಉಬ್ಬಸ, ಕಣ್ಣು ಕತ್ತಲೆ ಬಂದರೆ ನಿಲ್ಲಿಸಿ, ಕೂರಿಸಿ, ವೈದ್ಯರು ನಾಲಿಗೆ ಕೆಳಗಿಡಲು ಮಾತ್ರೆ ಕೊಟ್ಟಿದ್ದರೆ ಅದನ್ನು ಕೊಡಿ, 108ಕ್ಕೆ ಕರೆ ಮಾಡಿ. 'ಗ್ಯಾಸ್ ಇರಬೇಕು' ಎಂದು ಮನೆವರೆಗೆ ನಡೆಸಿಕೊಂಡು ಬರಬೇಡಿ.

ಈಗ ಚೀಟಿ ಬರೆಯೋಣ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ದೀರ್ಘಕಾಲಿಕ ಕಾಯಿಲೆ ಇರುವವರಿಗೂ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಹಿರಿಯರಿಗೆ ಮೂರು ದಿನ ಸಮತೋಲದ ಅಭ್ಯಾಸ ಹೇಳಿದೆ. 150 ಎಂದರೆ ನಮ್ಮ ತಾಯಿ ಗಾಬರಿಯಾಗುತ್ತಾರೆ. ಅದು ತಲುಪಬೇಕಾದ ಊರು. ಹೊರಡುವುದು ಮನೆ ಬಾಗಿಲಿಂದ. ಮೊದಲ ವಾರ ತಿಂಡಿಯಾದ ಮೇಲೆ ಐದು ನಿಮಿಷ, ರಾತ್ರಿ ಊಟವಾದ ಮೇಲೆ ಐದು ನಿಮಿಷ, ಅಷ್ಟೇ. ಪ್ರತಿ ಬಾರಿಯೂ ಮೊದಲ ಒಂದೆರಡು ನಿಮಿಷ ಆಮೆಯ ನಡಿಗೆ, ಮುಗಿಸುವಾಗಲೂ ಹಾಗೆಯೇ. ಥಟ್ಟನೆ ನಿಂತರೆ ರಕ್ತ ಕಾಲುಗಳಲ್ಲೇ ಉಳಿದು ತಲೆ ತಿರುಗೀತು. ಪ್ರತಿ ವಾರ ಎರಡೂ ನಡಿಗೆಗೆ ಒಂದೊಂದು ನಿಮಿಷ ಸೇರಿಸಿ. ಏಳನೆಯ ವಾರಕ್ಕೆ ಬೆಳಿಗ್ಗೆ ಹನ್ನೊಂದು, ರಾತ್ರಿ ಹನ್ನೊಂದು, ದಿನಕ್ಕೆ 22 ನಿಮಿಷ, ವಾರಕ್ಕೆ 154. ದಿನ ಬಿಟ್ಟು ದಿನ ಕುರ್ಚಿಯಿಂದ ಐದು ಸಲ ಏಳುವುದು, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಐದು ಸಲ. ಅನ್ನ ಬೇಯುವಷ್ಟು ಹೊತ್ತಿನಲ್ಲಿ ಅಡುಗೆಕಟ್ಟೆ ಹಿಡಿದು ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು ಹತ್ತು ಎಣಿಸುವವರೆಗೆ ನಿಲ್ಲುವುದು. ಜ್ವರವೋ ಮದುವೆಯೋ ಬಂದು ವಾರ ತಪ್ಪಿದರೆ ಬಿಟ್ಟಲ್ಲಿಂದ ಬೇಡ, ಎರಡು ವಾರ ಹಿಂದಿನ ಅಳತೆಯಿಂದ ಶುರು ಮಾಡಿ. ಸಕ್ಕರೆ ಇಳಿಯುತ್ತಾ ಬಂದಂತೆ ಗ್ಲಿಮೆಪಿರೈಡ್ ಪ್ರಮಾಣ ತಗ್ಗಿಸಬೇಕಾಗಬಹುದು. ಶುಗರ್ ಬರೆದಿಟ್ಟ ಪುಸ್ತಕವನ್ನು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಿ.

ಮೊದಲ ದಿನ ನೀವೂ ಜೊತೆಗೆ ಹೋಗಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ, ಕೈಯಲ್ಲಿ ನೀರಿನ ಬಾಟಲಿ ಇರಲಿ. ಅವರಿಗಿಂತ ಅರ್ಧ ಹೆಜ್ಜೆ ಹಿಂದೆ ನಡೆಯಿರಿ, ಇಲ್ಲದಿದ್ದರೆ ನಿಮ್ಮ ವೇಗಕ್ಕೆ ಅವರು ಓಡುತ್ತಾರೆ. ಮೂರನೆಯ ನಿಮಿಷದಲ್ಲಿ ನಾಳೆ ತಿಂಡಿಗೆ ಏನು ಮಾಡುವುದೆಂದು ಕೇಳಿ. ಉತ್ತರ ಒಂದೇ ಉಸಿರಿನಲ್ಲಿ ಬರುತ್ತದೆಯೇ, ನಡುವೆ ತುಂಡಾಗುತ್ತದೆಯೇ ಎಂದು ಕಿವಿಗೊಟ್ಟು ಕೇಳಿಸಿಕೊಳ್ಳಿ.